ಆರು ಜನ, ಒಂದು ರಾತ್ರಿ ರೈಲು: ಚೀನಾದ ಅಕ್ಟೋಬರ್ ರಜೆಯಲ್ಲಿ ಗೆಳೆಯರ ಜೊತೆ ಪ್ರವಾಸ ಹೋಗುವುದು ಹೇಗೆ?

ಊರಲ್ಲಿ ದಸರಾ ಸಡಗರ ಇರುವ ಹೊತ್ತಿಗೇ ಚೀನಾದಲ್ಲೂ ದೊಡ್ಡ ರಜೆ ಬರುತ್ತದೆ. ಅಕ್ಟೋಬರ್ 1 ಇಲ್ಲಿನ ರಾಷ್ಟ್ರೀಯ ದಿನ. ಅಂದಿನಿಂದ ಒಂದು ವಾರ ಆಫೀಸು, ಕಾಲೇಜು ಎಲ್ಲ ಬಂದ್. 2025ರಲ್ಲಂತೂ ಇಲ್ಲಿನ ಹುಣ್ಣಿಮೆ ಹಬ್ಬವೂ ಸೇರಿ 8 ದಿನ ಸಿಕ್ಕಿತು. ಅದರೊಳಗೇ 2ನೇ ತಾರೀಖು ವಿಜಯದಶಮಿ. ಇಲ್ಲಿ ಕೆಲಸಕ್ಕೋ ಓದಿಗೋ ಬಂದಿರುವ ನಮ್ಮಂಥವರಿಗೆ ಅಷ್ಟು ದಿನಕ್ಕೆಂದು ಊರಿಗೆ ಹೋಗಿ ಬರಲು ವಿಮಾನದ ಖರ್ಚು ಹೊಂದುವುದಿಲ್ಲ. ರೂಮಿನಲ್ಲಿ ಸುಮ್ನೆ ಕೂತು ವಿಡಿಯೊ ಕಾಲ್‌ನಲ್ಲಿ ಅಮ್ಮ ಜೋಡಿಸಿದ ಗೊಂಬೆ ನೋಡುತ್ತಿದ್ದರೆ ಕರುಳು ಚುರುಕ್ ಅನ್ನುತ್ತದೆ. ಗೆಳೆಯರನ್ನು ಸೇರಿಸಿಕೊಂಡು ಹೊರಟುಬಿಡುವುದೇ ಒಳ್ಳೆಯದು.

ತೊಂದರೆ ಏನೆಂದರೆ, ಅದೇ ವಾರ ಇಡೀ ಚೀನಾ ಹೊರಟಿರುತ್ತದೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಒಂದೇ ಊರು ಆರಿಸಿಕೊಳ್ಳಿ, ಆರು ಜನ ಹೋಗಿ, ಹೋಗುವಾಗ ರಾತ್ರಿ ರೈಲು ಹಿಡಿಯಿರಿ. ಶಾಂಘೈನಿಂದ, ಮಣ್ಣಿನ ಸೈನಿಕರ ಮ್ಯೂಸಿಯಂ ಇರುವ ಹಳೆಯ ಊರು ಶಿಯಾನ್‌ಗೆ ನಾವು ಹೋಗಿ ಬಂದ ಲೆಕ್ಕದಲ್ಲಿ ಹೇಳುತ್ತೇನೆ. ಸುಮಾರು 1,500 ಕಿ.ಮೀ. ದಾರಿ.

ಮೊದಲು ಕ್ಯಾಲೆಂಡರ್

ಮುಂದಿನ ವರ್ಷದ ರಜೆ ಪಟ್ಟಿಯನ್ನು ಸರ್ಕಾರ ಹಿಂದಿನ ವರ್ಷದ ಕೊನೆಗೇ ಹೊರಡಿಸುತ್ತದೆ. ಅದರಲ್ಲಿ ರಜೆಯ ದಿನಗಳನ್ನಷ್ಟೇ ನೋಡಬೇಡಿ. ರಜೆಗೆ ಬದಲಾಗಿ ಹಿಂದೆ ಮುಂದೆ ಒಂದೆರಡು ಶನಿವಾರ, ಭಾನುವಾರ ಕೆಲಸ ಮಾಡಬೇಕಾಗುತ್ತದೆ. ಇದಕ್ಕೆ ಇಲ್ಲಿ 'ತಿಯಾವ್‌ಶಿಯೂ' ಅನ್ನುತ್ತಾರೆ. 2025ರಲ್ಲಿ ಸೆಪ್ಟೆಂಬರ್ 28ರ ಭಾನುವಾರ, ಅಕ್ಟೋಬರ್ 11ರ ಶನಿವಾರ ಹೀಗೆ ಕೆಲಸದ ದಿನಗಳಾಗಿದ್ದವು. ರಜೆಯ ಮೊದಲ ದಿನ ಮತ್ತು ಕೊನೆಯ ದಿನ ಪ್ರಯಾಣ ಇಟ್ಟುಕೊಳ್ಳಬೇಡಿ. 2ಕ್ಕೆ ಹೊರಟು 6ಕ್ಕೆ ವಾಪಸ್ ಬಂದರೆ ನೂಕುನುಗ್ಗಲು ಸ್ವಲ್ಪ ಕಡಿಮೆ.

ಆರೇ ಜನ ಯಾಕೆ?

ಇಲ್ಲಿನ ರಾತ್ರಿ ರೈಲುಗಳಲ್ಲಿ 'ಯಿಂಗ್‌ವೊ' ಎಂಬ ಬೋಗಿ ಇರುತ್ತದೆ. ನಮ್ಮ ತ್ರೀ ಟಯರ್ ಥರವೇ. ಎದುರು ಬದುರು ಮೂರು ಮೂರು ಬರ್ತ್, ಒಟ್ಟು ಆರು. ಪಕ್ಕದ ಸೈಡ್ ಬರ್ತ್ ಇಲ್ಲ. ಅಲ್ಲಿ ಕಿಟಕಿ ಹತ್ತಿರ ಮಡಚುವ ಕುರ್ಚಿ ಮತ್ತು ಪುಟ್ಟ ಮೇಜು. ಹಾಸಿಗೆ, ದಿಂಬು, ಹೊದಿಕೆ ಅವರೇ ಕೊಡುತ್ತಾರೆ. ಆರು ಜನ ಇದ್ದರೆ ಆ ಪುಟ್ಟ ಮನೆ ಪೂರ್ತಿ ನಿಮ್ಮದೇ. ನಾಲ್ಕೇ ಜನ ಇದ್ದರೆ 'ರುವಾನ್‌ವೊ' ನೋಡಿ. ಅದು ಬಾಗಿಲಿರುವ ನಾಲ್ಕು ಬರ್ತಿನ ಕೋಣೆ, ದುಡ್ಡು ಜಾಸ್ತಿ.

ಆರು ಜನರಲ್ಲಿ ಒಬ್ಬರಾದರೂ ಚೀನೀ ಲಿಪಿ ಓದಬಲ್ಲವರು ಇರಲಿ. ನಮ್ಮ ಜೊತೆ ನನ್ನ ಆಫೀಸಿನ ಚೀನೀ ಗೆಳೆಯನೇ ಬಂದಿದ್ದ. ಖರ್ಚು ಹಂಚುವುದಕ್ಕೆ ಮುಜುಗರ ಬೇಡ. ತಲಾ ಲೆಕ್ಕ ಹಾಕಿ ಕೊಡುವುದನ್ನು ಇಲ್ಲಿನವರು 'ಎಎ' ಅನ್ನುತ್ತಾರೆ. ವಾಟ್ಸ್‌ಆ್ಯಪ್ ಥರದ ಇಲ್ಲಿನ ಆ್ಯಪ್ ವೀಚಾಟ್. ಅದರ ಗುಂಪಿನಲ್ಲೇ ಮೊತ್ತ ಹಾಕಿ ಎಲ್ಲರಿಂದ ಅವರವರ ಪಾಲು ಕೇಳುವ ವ್ಯವಸ್ಥೆಯೂ ಇದೆ. ಆಯಾ ದಿನದ ಲೆಕ್ಕ ಆಯಾ ರಾತ್ರಿಯೇ ಮುಗಿಸಿ.

ಹೆಸರು ಸರಿ ಮಾಡಿಕೊಳ್ಳಿ

ರೈಲ್ವೆಯ ಅಧಿಕೃತ ಆ್ಯಪ್‌ನ ಹೆಸರೇ 12306. ಟಿಕೆಟ್ ಪಾಸ್‌ಪೋರ್ಟಿಗೆ ಅಂಟಿಕೊಂಡಿರುತ್ತದೆ, ಆದ್ದರಿಂದ ಮೊದಲು ನಿಮ್ಮ ಹೆಸರು, ಪಾಸ್‌ಪೋರ್ಟ್ ನಂಬರ್ ಕೊಟ್ಟು ಪರಿಶೀಲನೆ ಮುಗಿಸಬೇಕು. ನಮ್ಮ ಕಡೆಯವರಿಗೆ ಎಡವಟ್ಟಾಗುವುದು ಇಲ್ಲೇ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಒಬ್ಬರ ಪಾಸ್‌ಪೋರ್ಟಿನಲ್ಲಿ ಆ ಸಾಲು ಖಾಲಿ, ಇನ್ನೊಬ್ಬರದ್ದರಲ್ಲಿ ಅಪ್ಪನ ಹೆಸರು, ಮತ್ತೊಬ್ಬರದ್ದರಲ್ಲಿ ಊರಿನ ಹೆಸರು. ಆಫೀಸಿನಲ್ಲಿ ಕರೆಯುವ ಹೆಸರು, ಇನಿಶಿಯಲ್ ಯಾವುದೂ ಬೇಡ. ಪಾಸ್‌ಪೋರ್ಟಿನಲ್ಲಿ ಇದ್ದಂತೆ ಅಕ್ಷರಕ್ಕೆ ಅಕ್ಷರ ಹಾಕಿ. ರೈಲು, ಹೋಟೆಲ್, ಮ್ಯೂಸಿಯಂ ಎಲ್ಲ ಕಡೆಯೂ ಅದೇ ಇರಲಿ. ಪರಿಶೀಲನೆಗೆ ಸಮಯ ಹಿಡಿಯಬಹುದು, ಆಗಸ್ಟ್‌ನಲ್ಲೇ ಮಾಡಿಡಿ. ಆನ್‌ಲೈನ್‌ನಲ್ಲಿ ಆಗದಿದ್ದರೆ ಪಾಸ್‌ಪೋರ್ಟ್ ಹಿಡಿದು ಸ್ಟೇಷನ್ ಕೌಂಟರಿಗೆ ಹೋಗಿ.

ಟಿಕೆಟ್ ತೆಗೆಯುವ ದಿನ

ಟಿಕೆಟ್ ಮಾರಾಟ ಶುರುವಾಗುವುದು ಪ್ರಯಾಣದ ದಿನವೂ ಸೇರಿ 15 ದಿನ ಮೊದಲು. ಅಂದರೆ ಅಕ್ಟೋಬರ್ 2ರ ಟಿಕೆಟ್ ಸೆಪ್ಟೆಂಬರ್ 18ಕ್ಕೆ ಸಿಗುತ್ತದೆ. ಒಂದೊಂದು ಸ್ಟೇಷನ್ನಿನ ಟಿಕೆಟ್ ಬೇರೆ ಬೇರೆ ಹೊತ್ತಿಗೆ ತೆರೆಯುತ್ತದೆ. ನಿಮ್ಮ ಸ್ಟೇಷನ್ನಿನ ಸಮಯ ಆ್ಯಪ್‌ನಲ್ಲೇ ನೋಡಿಟ್ಟುಕೊಳ್ಳಿ. ಪ್ರಯಾಣಿಕರ ಹೆಸರುಗಳನ್ನು ಮೊದಲೇ ಸೇರಿಸಿಟ್ಟು, ಇಬ್ಬರು ಮೂರು ಜನ ಫೋನ್ ಹಿಡಿದು ಕಾಯಿರಿ. ಕೆಳಗಿನ ಬರ್ತಿಗೆ ರೇಟು ಜಾಸ್ತಿ, ಮೇಲಿನದು ಅಗ್ಗ. ಆದರೆ ಮೇಲೆ ನೆಟ್ಟಗೆ ಕೂರಲು ಆಗುವುದಿಲ್ಲ. ಎತ್ತರದವರನ್ನು ಅಲ್ಲಿಗೆ ಹತ್ತಿಸಬೇಡಿ. ಟಿಕೆಟ್ ಮುಗಿದಿದ್ದರೂ ಕೈಚೆಲ್ಲಬೇಡಿ. 'ಹೌಬು' ಎಂಬ ಕಾಯುವ ಪಟ್ಟಿಗೆ ದುಡ್ಡು ಕಟ್ಟಿಡಿ. ಯಾರಾದರೂ ಬಿಟ್ಟ ಟಿಕೆಟ್ ನಿಮಗೆ ಬರಬಹುದು, ಬರದಿದ್ದರೆ ದುಡ್ಡು ವಾಪಸ್. ವಾಪಸ್ ಬರುವ ಟಿಕೆಟಿನ ದಿನವನ್ನೂ ಈಗಲೇ ಗುರುತು ಹಾಕಿಕೊಳ್ಳಿ.

ಯಾವ ಸ್ಟೇಷನ್ ಎಂದು ಎರಡು ಸಲ ಓದಿ

ನಮ್ಮಲ್ಲಿ ಇಬ್ಬರು ಎಡವಿದ್ದು ಇಲ್ಲಿ. ಶಾಂಘೈನ, ನಂಬರ್ ಜಿ ಅಕ್ಷರದಿಂದ ಶುರುವಾಗುವ ವೇಗದ ರೈಲುಗಳು ಹೆಚ್ಚಾಗಿ ಹೊಂಗ್‌ಚಿಯಾವ್ ಸ್ಟೇಷನ್ನಿನಿಂದ ಹೊರಡುತ್ತವೆ. ನಮ್ಮ ರಾತ್ರಿ ರೈಲು ಇದ್ದದ್ದು ಹಳೆಯ ಶಾಂಘೈ ಸ್ಟೇಷನ್ನಿನಿಂದ. ಅವರಿಬ್ಬರೂ ಅಭ್ಯಾಸಬಲದಿಂದ ಹೊಂಗ್‌ಚಿಯಾವ್‌ಗೆ ಹೋಗಿ ನಿಂತು ಫೋನ್ ಮಾಡಿದರು. ಮೆಟ್ರೋದಲ್ಲಿ ಓಡೋಡಿ ಬರುವಷ್ಟರಲ್ಲಿ ಗೇಟು ಮುಚ್ಚಿತ್ತು. ಮರುದಿನ ವೇಗದ ರೈಲಿನಲ್ಲಿ ಸೀಟಿಲ್ಲದ ಟಿಕೆಟ್ ಕೊಂಡು, ಆರು ಗಂಟೆಗಿಂತ ಜಾಸ್ತಿ ಹೊತ್ತು ಬಾಗಿಲ ಹತ್ತಿರ ನಿಂತು ಬಂದರು. ಸೀಟಿಲ್ಲದಿದ್ದರೂ ರೇಟು ಮಾತ್ರ ಎರಡನೇ ದರ್ಜೆಯದ್ದೇ. ಶಿಯಾನ್‌ನಲ್ಲೂ ಹೀಗೇ: ವೇಗದ ರೈಲುಗಳು ಹೆಚ್ಚಾಗಿ ಉತ್ತರದ 'ಶಿಯಾನ್ ಬೇಯ್' ಸ್ಟೇಷನ್ನಿಗೆ, ರಾತ್ರಿ ರೈಲು ಕೋಟೆ ಗೋಡೆಯ ಪಕ್ಕದ ಶಿಯಾನ್ ಸ್ಟೇಷನ್ನಿಗೆ. ಪೂರ್ವ ದೊಂಗ್ (东), ಪಶ್ಚಿಮ ಶೀ (西), ದಕ್ಷಿಣ ನಾನ್ (南), ಉತ್ತರ ಬೇಯ್ (北). ಈ ನಾಲ್ಕು ಅಕ್ಷರಗಳನ್ನು ಗುರುತು ಹಿಡಿಯಲು ಕಲಿತರೆ ಚೀನಾದಲ್ಲಿ ಎಲ್ಲಿ ಹೋದರೂ ಉಪಯೋಗಕ್ಕೆ ಬರುತ್ತದೆ.

ರಜೆಯಲ್ಲಿ ಒಂದು ಗಂಟೆಗೂ ಮುಂಚೆ ಸ್ಟೇಷನ್ ಸೇರಿ. ಒಳಗೆ ಹೋಗುವಾಗಲೇ ಬ್ಯಾಗ್ ತಪಾಸಣೆ ಇರುತ್ತದೆ, ಚಾಕು ಇಟ್ಟುಕೊಳ್ಳಬೇಡಿ. ಗೇಟಿನ ಯಂತ್ರ ಪಾಸ್‌ಪೋರ್ಟ್ ಓದದಿದ್ದರೆ ಸಿಬ್ಬಂದಿ ನಿಂತಿರುವ ಬದಿಯ ಸಾಲಿಗೆ ಹೋಗಿ.

ರಾತ್ರಿಯ ಊಟ

ಪ್ರತಿ ಬೋಗಿಯ ತುದಿಯಲ್ಲೂ ಕುದಿಯುವ ನೀರಿನ ನಲ್ಲಿ ಇರುತ್ತದೆ. ಚೀನೀಯರು ಅದರಲ್ಲಿ ಚಹಾ, ಕಪ್ ನೂಡಲ್ಸ್ ಮಾಡಿಕೊಳ್ಳುತ್ತಾರೆ. ನಮಗೆ ಅದೇ ಅಡುಗೆಮನೆ. ಮನೆಯಲ್ಲೇ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, ಸಾರಿನ ಪುಡಿ, ಹುಣಸೆ ಪುಡಿ, ಬೆಲ್ಲದ ಪುಡಿ, ಉಪ್ಪು, ಒಣ ಕೊಬ್ಬರಿ ತುರಿ ಬೆರೆಸಿ ಡಬ್ಬಿಗೆ ಹಾಕಿ. ಕಡಲೆಬೀಜದ ಒಗ್ಗರಣೆಯನ್ನು ಗರಿಗರಿಯಾಗಿ ಹುರಿದು ಬೇರೆ ಪೊಟ್ಟಣ ಕಟ್ಟಿ. ರೈಲಿನಲ್ಲಿ ಪುಡಿ ಮುಳುಗುವಷ್ಟೇ ಬಿಸಿನೀರು ಹಾಕಿ ಮುಚ್ಚಿಡಿ. ಹತ್ತು ನಿಮಿಷಕ್ಕೆ ಗೊಜ್ಜವಲಕ್ಕಿ ಅರಳಿರುತ್ತದೆ. ಮೇಲೆ ಕಡಲೆಬೀಜದ ಒಗ್ಗರಣೆ ಉದುರಿಸಿ.

ಡಬ್ಬಿ ಮುಚ್ಚಳ ತೆಗೆದಾಗ ಇಂಗಿನ ವಾಸನೆ ಬೋಗಿಯೆಲ್ಲಾ ಹರಡಿತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಬಗ್ಗಿ ನೋಡಿದರು. "ಇದು ಅಕ್ಕಿಯಾ?" ಅಂತ ಕೇಳಿದರು. "ಹೌದು ಆಯಿ, ಅಕ್ಕಿನೇ" ಅಂದೆ. ಚಿಕ್ಕಮ್ಮನ ವಯಸ್ಸಿನವರನ್ನು ಇಲ್ಲಿ 'ಆಯಿ' ಎಂದು ಕರೆಯುತ್ತಾರೆ. ಒಂದು ಚಮಚ ತಿಂದು, ಇನ್ನೊಂದು ಚಮಚ ಕೇಳಿ ಹಾಕಿಸಿಕೊಂಡರು. ಆಮೇಲೆ ತಮ್ಮ ಚೀಲದಿಂದ ಹುರಿದ ಸೂರ್ಯಕಾಂತಿ ಬೀಜ ತೆಗೆದು ನಮ್ಮ ಆರು ಬರ್ತಿನ ಮಧ್ಯೆ ಸುರಿದರು. ಹತ್ತು ಗಂಟೆಗೆ ದೀಪ ಆರುವವರೆಗೂ ಬೀಜ ಬಿಡಿಸುತ್ತಾ ಮಾತಾಡಿದ್ದೇ ಮಾತಾಡಿದ್ದು.

ಹೋಟೆಲ್, ಊಟ

ವಿದೇಶಿಯರು ಉಳಿಯುವ ಜಾಗ ಪೊಲೀಸರಲ್ಲಿ ನೋಂದಣಿ ಆಗಬೇಕು. ಹೋಟೆಲ್‌ನವರು ಅದನ್ನು ತಾವೇ ಮಾಡುತ್ತಾರೆ. ಗೆಳೆಯರ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನೀವೇ ಮಾಡಿಸಬೇಕು, ಮರೆಯಬೇಡಿ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ವಿದೇಶಿ ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ.

ಸಸ್ಯಾಹಾರಿಗಳು 'ಮಾಂಸ, ಮೀನು, ಹಂದಿ ಕೊಬ್ಬು, ಮಾಂಸದ ಸಾರು ಬೇಡ' ಎಂದು ಚೀನೀ ಲಿಪಿಯಲ್ಲಿ ಫೋನಿನಲ್ಲಿ ಬರೆಸಿಟ್ಟುಕೊಳ್ಳಿ. ಬರೀ 'ಮಾಂಸ ಬೇಡ' ಅಂದರೆ ಸಾಲದು. ಶಿಯಾನ್‌ನಲ್ಲಿ ಹೊಟ್ಟೆಗೆ ತೊಂದರೆಯಿಲ್ಲ. ಲಿಯಾಂಗ್‌ಪಿ ಎಂಬ ತಣ್ಣನೆಯ ಶಾವಿಗೆಗೆ ಮೆಣಸಿನ ಎಣ್ಣೆ, ವಿನೆಗರ್ ಹಾಕಿ ಕೊಡುತ್ತಾರೆ. ಯೋಪೊ ಮಿಯಾನ್ ಎಂದರೆ ಅಗಲ ನೂಡಲ್ಸ್ ಮೇಲೆ ಖಾರದ ಪುಡಿ ಇಟ್ಟು, ಕಾದ ಎಣ್ಣೆ ಚೊಂಯ್ ಎಂದು ಸುರಿಯುವುದು. ಥೇಟ್ ನಮ್ಮ ಒಗ್ಗರಣೆ ಅಲ್ವಾ!

ನೋಡುವುದು ಮೂರೇ ಜಾಗ

ಮಣ್ಣಿನ ಸೈನಿಕರ ಮ್ಯೂಸಿಯಂಗೆ ಟಿಕೆಟನ್ನು ಪಾಸ್‌ಪೋರ್ಟ್ ನಂಬರ್ ಕೊಟ್ಟು ಮೊದಲೇ ತೆಗೆದಿರಬೇಕು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕ ಮಣ್ಣಿನ ಪ್ರತಿಮೆಗಳ ಸೈನ್ಯ ಅದು. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಸಂಜೆಗೆ ಕೋಟೆ ಗೋಡೆ. ಸುತ್ತಳತೆ 13 ಕಿ.ಮೀ.ಗಿಂತ ಜಾಸ್ತಿ, ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ.

ಒಂದು ದಿನ ಪೂರ್ತಿ ದೊಡ್ಡ ಕಾಡು ಹೆಬ್ಬಾತಿನ ಪಗೋಡಕ್ಕೆ ಇಡಿ. ಶಾಲೆಯ ಪಾಠದಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್ ನೆನಪಿದೆಯಾ? ಭಾರತ ಸುತ್ತಿ 645ರಲ್ಲಿ ಅವನು ಮರಳಿ ಬಂದದ್ದು ಇದೇ ಊರಿಗೆ. ಅವನು ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಈ ಪಗೋಡ ಕಟ್ಟಿದರು. ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಹೋಗಿದ್ದವನು ಅವನು. ಅಲ್ಲಿನ ಜನ ಉಪಕಾರ ಮರೆಯುವುದಿಲ್ಲ, ಅವಮಾನ ಸಹಿಸುವುದಿಲ್ಲ ಎಂದು ಬರೆದಿಟ್ಟಿದ್ದಾನೆ. ಪಗೋಡದ ದಕ್ಷಿಣದ ಮೈದಾನದಲ್ಲಿ ಅವನ ಪ್ರತಿಮೆ ಇದೆ. ಅದರ ಕೆಳಗೆ ನಿಂತು ಇದನ್ನೆಲ್ಲ ಹೇಳುವಾಗ ನನಗೆ ಮೈ ಜುಮ್ಮೆಂದಿತು.

ಚೀನೀ ಗೆಳೆಯ ಪೂರ್ತಿ ಕೇಳಿಸಿಕೊಂಡು ಫೋನಿನಲ್ಲಿ ಬಾದಾಮಿ ಹುಡುಕತೊಡಗಿದ. "ಅಲ್ಲಿಗೂ ರಾತ್ರಿ ರೈಲು ಇದೆಯಾ?" ಎಂದ. ಇದೆ, ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಎಂದೆವು. ಅದಕ್ಕೆ 15 ದಿನ ಅಲ್ಲ, 60 ದಿನ ಮೊದಲೇ ಬುಕಿಂಗ್ ಶುರು ಎಂದೂ ಹೇಳಿದೆವು. ಅವನು ಅಲ್ಲೇ ನಿಂತು ಮುಂದಿನ ವರ್ಷದ ಕ್ಯಾಲೆಂಡರ್ ತೆರೆದ.