ಕಾಫಿ ದುಡ್ಡು ವರ್ಷಕ್ಕೊಮ್ಮೆ, ಕಾರ್ಡಿನ ಬಿಲ್ಲು ತಿಂಗಳಿಗೊಮ್ಮೆ: ಮೊದಲ ಕ್ರೆಡಿಟ್ ಕಾರ್ಡ್ ಆರಿಸುವ ಬಗೆ

ಕೊಡಗಿನ ಬೆಳೆಗಾರರ ಮನೆಯವರು ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿದಾಗ ಬ್ಯಾಂಕು ಮೊದಲು ಕೇಳುವುದು ಸಂಬಳದ ಚೀಟಿ ಇಲ್ಲವೇ ಐಟಿ ರಿಟರ್ನ್. ಕಾಫಿ, ಕರಿಮೆಣಸನ್ನೇ ನಂಬಿದ ಎಷ್ಟೋ ಮನೆಗಳಲ್ಲಿ ಎರಡೂ ಇರುವುದಿಲ್ಲ. ಹಿಂದೆ ಸಾಲವನ್ನೇ ಮಾಡಿರದಿದ್ದರೆ ಸಾಲ ತೀರಿಸಿದ ಲೆಕ್ಕ ಇಡುವ ಸಂಸ್ಥೆಯಾದ ಸಿಬಿಲ್‌ನ ವರದಿಯಲ್ಲಿ 300ರಿಂದ 900ರೊಳಗಿನ ಅಂಕದ ಬದಲು ‘ಎನ್‌ಎಚ್’ (ನೋ ಹಿಸ್ಟರಿ, ಅಂದರೆ ಹಿಂದಿನ ಸಾಲದ ದಾಖಲೆ ಇಲ್ಲ) ಅಥವಾ -1 ಎಂದಿರುತ್ತದೆ. ಅದು ಕೆಟ್ಟ ಅಂಕವಲ್ಲ, ಲೆಕ್ಕ ಇನ್ನೂ ಶುರುವಾಗಿಲ್ಲ ಅಷ್ಟೇ.

ವರದಿಯನ್ನು ವರ್ಷಕ್ಕೊಮ್ಮೆ ಉಚಿತವಾಗಿ ತೆಗೆದುಕೊಳ್ಳಬಹುದು. ನೀವೇ ನೋಡಿದರೆ ಅಂಕ ಇಳಿಯದು. ಬ್ಯಾಂಕಿನಲ್ಲಿ ಚಿನ್ನ ಅಡವಿಟ್ಟಿದ್ದರೆ, ಬೆಳೆ ಸಾಲ ಪಡೆದಿದ್ದರೆ ಅಲ್ಲಿ ಕಾಣಬೇಕು. (ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆ ಸಾಲದ್ದು, ಇದು ಬೇರೆ.) ವರದಿ ಖಾಲಿ ಇದ್ದರೆ ನಾಲ್ಕಾರು ಬ್ಯಾಂಕಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ವರದಿಯಲ್ಲಿ ದಾಖಲಾಗಿ ಮುಂದಿನವರು ಹಿಂಜರಿಯುತ್ತಾರೆ.

ಖಾತೆ ಇರುವ ಬ್ಯಾಂಕಿನಲ್ಲೇ ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ಪಡೆಯುವುದೇ ನಮ್ಮ ಸಲಹೆ. ಆದಾಯದ ದಾಖಲೆ ಸಾಮಾನ್ಯವಾಗಿ ಬೇಕಿಲ್ಲ. ಪ್ಯಾನ್, ಆಧಾರ್ ಸಾಕು. ಕಾಫಿ ಮಾರಿದ ದುಡ್ಡು ಕೈಗೆ ಬಂದಾಗಲೇ ಎಫ್‌ಡಿ ಮಾಡಿ. ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಕಾರ್ಡ್ ಇರುವ ತನಕ ಆ ಹಣ ಮುರಿಯಲಾಗದು. ಗೊಬ್ಬರಕ್ಕೆ, ಕೂಲಿಗೆ ಬೇಕಾದ್ದನ್ನು ಅದರಲ್ಲಿ ಸೇರಿಸಬೇಡಿ. 25,000 ರೂಪಾಯಿಯ ಎಫ್‌ಡಿಗೆ ಶೇ 80ರಂತೆ ಖರ್ಚಿನ ಮಿತಿ ಕೊಟ್ಟರೆ 20,000. ಅದರಲ್ಲಿ ತಿಂಗಳ ಖರ್ಚು 6,000 ದಾಟದಿದ್ದರೆ ಅಂಕಕ್ಕೆ ಒಳ್ಳೆಯದು.

ಆರಿಸುವಾಗ ವಾರ್ಷಿಕ ಶುಲ್ಕ ಇಲ್ಲದ್ದನ್ನು ನೋಡಿ. ವಿಮಾನ ನಿಲ್ದಾಣದ ಲೌಂಜ್ ಸೌಲಭ್ಯಕ್ಕೆ ಮರುಳಾಗಬೇಡಿ, ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ರುಪೇ ಕಾರ್ಡಾದರೆ ಯುಪಿಐಗೆ ಜೋಡಿಸಿ ಗೋಣಿಕೊಪ್ಪದ ದಿನಸಿ ಅಂಗಡಿಯ ಕ್ಯೂಆರ್‌ಗೂ ಪಾವತಿಸಬಹುದು. ಸ್ನೇಹಿತರಿಗೆ ದುಡ್ಡು ಕಳಿಸಲಾಗದು.

ಹೆಚ್ಚಿನವರು ಎಡವುವುದು ‘ಮಿನಿಮಮ್ ಡ್ಯೂ’ನಲ್ಲಿ, ಅಂದರೆ ಬಿಲ್ಲಿನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತದಲ್ಲಿ. ಅಷ್ಟನ್ನೇ ಕಟ್ಟಿದರೆ ಉಳಿದದ್ದಕ್ಕೆ ಬಡ್ಡಿ ಬೀಳುತ್ತದೆ, ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗವು. ತಿಂಗಳಿಗೆ ಶೇ 3.5 ಎಂದರೆ 10,000 ಬಾಕಿಗೆ 350, ಅದರ ಮೇಲೆ ಜಿಎಸ್‌ಟಿ 63. ‘ಕಾಫಿ ಮಾರಿದ ಮೇಲೆ ಕಟ್ಟೋಣ’ ಎನ್ನುವ ಲೆಕ್ಕ ಇಲ್ಲಿ ನಡೆಯದು. ಎಟಿಎಮ್ಮಿನಲ್ಲಿ ನಗದು ತೆಗೆದರಂತೂ ಅಂದಿನಿಂದಲೇ ಬಡ್ಡಿ. ಎಫ್‌ಡಿ ಇದೆಯಲ್ಲ ಎಂದು ಸುಮ್ಮನಿದ್ದರೆ ಬ್ಯಾಂಕು ಅದರಿಂದ ವಸೂಲಿ ಮಾಡೀತು, ಆದರೆ ತಪ್ಪಿದ ಕಂತು ವರದಿಯಲ್ಲಿ ಉಳಿಯುತ್ತದೆ.

ಆದ್ದರಿಂದ ಕಾರ್ಡ್ ಬಂದ ದಿನವೇ ಉಳಿತಾಯ ಖಾತೆಯಿಂದ ಆಟೋ ಡೆಬಿಟ್ ಹಾಕಿ, ‘ಟೋಟಲ್ ಡ್ಯೂ’ (ಪೂರ್ತಿ ಬಾಕಿ) ಎಂದೇ ಆರಿಸಿ. ಕಕ್ಕಡ ತಿಂಗಳ ಮಳೆಗೆ ಕರೆಂಟು, ನೆಟ್‌ವರ್ಕ್ ಹೋಗಿ ಒಟಿಪಿ ಬಾರದಿದ್ದರೂ ಬಿಲ್ಲು ಕಟ್ಟಿಹೋಗುತ್ತದೆ. ಖಾತೆಯಲ್ಲಿ ಹಣ ಮಾತ್ರ ಇರಬೇಕು. ಹೋಮ್‌ಸ್ಟೇ ಬಾಡಿಗೆಯೋ ಹಾಲಿನ ದುಡ್ಡೋ ಬರುವ ದಿನಕ್ಕೆ ಬಿಲ್ಲಿನ ದಿನಾಂಕವನ್ನು ಹೊಂದಿಸಿಕೊಳ್ಳಿ. ಕನಿಷ್ಠ ಒಮ್ಮೆಯಾದರೂ ಬದಲಿಸುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ನಿಯಮವೇ ಕೊಟ್ಟಿದೆ.

ಸುಮಾರು ಆರು ತಿಂಗಳಿಗೆ ಅಂಕ ಮೂಡುತ್ತದೆ. ವರ್ಷ ತುಂಬಿದ ಮೇಲೆ ಅದೇ ಬ್ಯಾಂಕಿನಲ್ಲಿ ಎಫ್‌ಡಿ ಇಲ್ಲದ ಕಾರ್ಡ್ ಕೇಳಿ. ಅದು ಕೈಸೇರುವ ಮುನ್ನ ಹಳೆಯದನ್ನು ಮುಚ್ಚಬೇಡಿ. ಮುಚ್ಚುವುದೇ ಆದರೆ ಬಾಕಿ ಪೂರ್ತಿ ಕಟ್ಟಿ ಕೋರಿಕೆ ಕೊಡಿ; ಏಳು ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ ಬ್ಯಾಂಕು ನಿಮಗೆ ದಿನಕ್ಕೆ 500 ರೂಪಾಯಿ ಕೊಡಬೇಕು.