ಸುಗ್ಗಿಹಬ್ಬದ ಜೋಳ ಮತ್ತು ಪಡಿತರ ಚೀಟಿ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಸೀಮೆಯಲ್ಲಿ ನಮ್ಮದೊಂದು ಚಿಕ್ಕ ಕ್ರೈಸ್ತ ಸಭೆ ಇದೆ. ಅದರ ಸ್ತ್ರೀ ಸಮಾಜದ ಹೊಣೆಯನ್ನು ನಾನು ಹಲವು ವರ್ಷಗಳಿಂದ ನೋಡಿಕೊಂಡು ಬಂದಿದ್ದೇನೆ. ಕೂಲಿಕಾರರು, ನೇಕಾರರು, ಕಲ್ಲಿನ ಕಣಿಗಳಲ್ಲಿ ದುಡಿಯುವವರು, ಸುಗ್ಗಿ ಮುಗಿದೊಡನೆ ಗುಳೆ ಹೋಗುವವರು ನಮ್ಮ ಸಭೆಯ ಒಳಗೂ ಇದ್ದಾರೆ, ಸುತ್ತಲೂ ಇದ್ದಾರೆ. ಅವರ ನಡುವೆ ಅನ್ನದ ವಿಷಯದಲ್ಲಿ ನಾವು ಏನು ಮಾಡಿದೆವು, ಯಾವ ವಾಕ್ಯಗಳನ್ನು ಆಧಾರವಾಗಿಟ್ಟುಕೊಂಡು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆಯ ಸಭೆಗಳಿಗೆ ಹಸಿವಿನ ಪ್ರಶ್ನೆ ಹೊಸದಲ್ಲ. 19ನೆಯ ಶತಮಾನದ ನಡುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಗುಳೇದಗುಡ್ಡದಲ್ಲಿ ನೆಲೆ ಮಾಡಿದ ಕೆಲವೇ ದಶಕಗಳಲ್ಲಿ, 1876ರಿಂದ 1878ರವರೆಗೆ, ನಮ್ಮ ಸೀಮೆ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ಘೋರ ಬರ ಕಾಡಿತು. ರಿಚರ್ಡ್ ಟೆಂಪಲ್ ಎಂಬ ಬ್ರಿಟಿಷ್ ಅಧಿಕಾರಿ 1877ರಲ್ಲಿ ಬರಗಾಲದ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಕಾಳಿನ ಬೆಲೆ ಮತ್ತು ಒಂದು ಆಣೆ ಸಾಕೆಂದು ಗೊತ್ತುಪಡಿಸಿದ. ಬಡವನ ಜೀವ ಹಿಡಿದು ನಿಲ್ಲಲು ಕನಿಷ್ಠ ಎಷ್ಟು ಕೊಟ್ಟರೆ ಆದೀತು ಎಂಬುದು ಆ ಲೆಕ್ಕದ ತಿರುಳು. ಸಹಾಯ ಮಾಡುವ ಒಳ್ಳೆಯ ಜನರ ಮನಸ್ಸಿನಲ್ಲಿಯೂ ಇದೇ ಲೆಕ್ಕ ಬೇರೆ ವೇಷದಲ್ಲಿ ಉಳಿದಿರುತ್ತದೆ ಎಂದು ನನಗೆ ಅನ್ನಿಸುತ್ತದೆ. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯ ಹಾಗೆ ಲೆಕ್ಕ ಹಾಕುವುದಿಲ್ಲ. ಹೊಲದ ಅಂಚುಗಳನ್ನು ಕೊಯ್ಯಬಾರದು, ಕೊಯ್ದ ಮೇಲೆ ಹಕ್ಕಲನ್ನು, ಅಂದರೆ ಬಿದ್ದು ಉಳಿದ ತೆನೆಗಳನ್ನು, ಆಯಬಾರದು, ಅದನ್ನು ಬಡವರಿಗೂ ಪರದೇಶಿಯರಿಗೂ ಬಿಟ್ಟುಬಿಡಬೇಕು ಎಂದು ಅದು ಒಕ್ಕಲಿಗನಿಗೆ ಆಜ್ಞೆ ಮಾಡುತ್ತದೆ. ಅಂಚಿನ ತೆನೆ ಮೊದಲಿನಿಂದಲೂ ಬಡವರ ಪಾಲು. ಹೊಲದೊಡೆಯ ಅದನ್ನು ಮುಟ್ಟದೆ ಇರಬೇಕು, ಅಷ್ಟೇ. ಜೋಳ, ಶೇಂಗಾ ತೆಗೆದ ಹೊಲಗಳಲ್ಲಿ ನಮ್ಮ ಹೆಣ್ಣುಮಕ್ಕಳು ಇಂದಿಗೂ ಹಕ್ಕಲು ಆಯಲು ಹೋಗುತ್ತಾರೆ. ಆದುದರಿಂದ ಪರರ ಹೊಲದಲ್ಲಿ ಹಕ್ಕಲು ಆಯ್ದು ಬದುಕಿದ ಬೈಬಲಿನ ವಿಧವೆ ರೂತಳ ಕಥೆಯನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸಭೆಯಲ್ಲಿ ಸುಗ್ಗಿಹಬ್ಬದ ದಿನ ಜೋಳ, ಕಡಲೆ, ಕುಂಬಳಕಾಯಿ, ಕೋಳಿಗಳನ್ನು ಕಾಣಿಕೆಯಾಗಿ ತಂದು, ಆರಾಧನೆಯಾದ ಮೇಲೆ ಲಿಲಾವು ಮಾಡಿ, ಬಂದ ಹಣವನ್ನು ಸಭೆಯ ಖರ್ಚಿಗೆ ಸೇರಿಸುವ ಪದ್ಧತಿ ಇತ್ತು. ಕ್ರಿಸ್‌ಮಸ್ಸಿನಲ್ಲಿ ಬಡವರಿಗೆ ಅಕ್ಕಿ, ಬೆಲ್ಲ, ಸೀರೆ ಹಂಚುತ್ತಿದ್ದೆವು. ಆದರೆ ನಮ್ಮಲ್ಲಿ ಕೈ ಬರಿದಾಗುವುದು ಡಿಸೆಂಬರಿನಲ್ಲಲ್ಲ. ಮುಂಗಾರಿ ಬಿತ್ತನೆ ಮುಗಿದು ಬೆಳೆ ಕೈಗೆ ಬರುವವರೆಗಿನ ತಿಂಗಳುಗಳಲ್ಲಿ. ಹಿರಿಯರೊಡನೆ ಮಾತನಾಡಿ ಸುಗ್ಗಿಹಬ್ಬದ ಜೋಳದಲ್ಲಿ ಒಂದು ಪಾಲನ್ನು ಲಿಲಾವಿಗೆ ಹಾಕದೆ ಇಟ್ಟುಕೊಳ್ಳಲು ಒಪ್ಪಿಸಿದೆವು. ಹಿಂದೆ ನಮ್ಮ ಊರುಗಳಲ್ಲಿ ಇದಕ್ಕೆಂದೇ ಹಗೇವುಗಳು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿಗಳು, ಇದ್ದವು. ಈಗ ಅವು ಮುಚ್ಚಿಹೋಗಿವೆ. ಆದ್ದರಿಂದ ಜೋಳವನ್ನು ಕೆಂಡದಂಥ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನ ತಪ್ಪಲು ಬೆರೆಸಿ, ಚೀಲಗಳನ್ನು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಇಡುತ್ತೇವೆ. ಬೇಕಾದವರು ಆಷಾಢ, ಶ್ರಾವಣದಲ್ಲಿ ಒಯ್ದು, ತಮ್ಮ ಮನೆಗೆ ಕಾಳು ಬಂದಾಗ ಒಯ್ದಷ್ಟನ್ನೇ ಅಳೆದು ತಂದು ಹಾಕುತ್ತಾರೆ. ಬಡ್ಡಿ ಇಲ್ಲ. ತರಲಾಗದವರನ್ನು ಕೇಳುವುದೂ ಇಲ್ಲ.

ಇಷ್ಟರಿಂದಲೇ ಹಸಿವು ನೀಗುವುದಿಲ್ಲವೆಂದು ನಮಗೆ ತೋರಿಸಿಕೊಟ್ಟದ್ದು, ಮೊದಲ ಕ್ರೈಸ್ತ ಸಭೆಯ ಕಥೆ ಹೇಳುವ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯ. ದಿನದಿನದ ಉಪಚಾರದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆಂದು ಗ್ರೀಕ್ ಮಾತಿನ ಯೆಹೂದ್ಯರು ಗುಣುಗುಟ್ಟಿದಾಗ, ಅಪೊಸ್ತಲರು ಅವರನ್ನು ಗದರಿಸಿ ಕೂಡಿಸಲಿಲ್ಲ, ಕಾಣಿಕೆ ಹೆಚ್ಚಿಸಿರೆಂದೂ ಹೇಳಲಿಲ್ಲ. ಹಂಚುವ ಕೆಲಸಕ್ಕೆ ಏಳು ಜನರನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ ಎಂಬ ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ಯಾರ ಪಾಲು ತಪ್ಪಿತ್ತೋ ಅವರ ಕಡೆಯವರ ಕೈಗೇ ಹಂಚಿಕೆಯ ಹೊಣೆ ಹೋಯಿತೆಂದು ನಾನು ಇದನ್ನು ಓದಿಕೊಳ್ಳುತ್ತೇನೆ. ನಮ್ಮ ಸಮಾಜದಲ್ಲಿ ಇದನ್ನು ಓದಿದ ಮೇಲೆ ನಮ್ಮ ಊರಿನಲ್ಲಿ ಯಾರ ಪಾಲು ತಪ್ಪುತ್ತಿದೆ ಎಂದು ಮನೆಮನೆಗೆ ಹೋಗಿ ಕೇಳಿದೆವು. ಬಂದ ಉತ್ತರಗಳಲ್ಲಿ ಹೆಚ್ಚಿನವು ರೇಷನ್ ಅಂಗಡಿಗೆ ಸಂಬಂಧಿಸಿದವು.

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ, ಅಂದರೆ ಕಡುಬಡ, ಕುಟುಂಬಕ್ಕೆ 35 ಕೆಜಿ ಧಾನ್ಯ ಸಿಗಬೇಕು. 5 ಕೆಜಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 170 ಗ್ರಾಂ ಕೂಡ ಆಗುವುದಿಲ್ಲ. ಅಷ್ಟೂ ತಪ್ಪಿದರೆ ಕೂಲಿ ಇಲ್ಲದ ದಿನ ಒಲೆ ಹೊತ್ತುವುದಿಲ್ಲ. ಸೊಸೆಯ ಹೆಸರು ಸೇರಿಲ್ಲ, ಗುಳೆ ಹೋಗಿ ಬರುವಷ್ಟರಲ್ಲಿ ಹೆಸರು ಬಿಟ್ಟುಹೋಗಿದೆ, ಗಂಡ ಬಿಟ್ಟವಳಿಗೆ ಬೇರೆ ಚೀಟಿ ಇಲ್ಲ ಎಂಬ ತಕರಾರುಗಳು ಬಹಳ ಇದ್ದವು. ಹೆಬ್ಬೆಟ್ಟಿನದು ಇನ್ನೊಂದು ಸಂಕಟ. ಒಬ್ಬ ಅಜ್ಜಿಯ ಜೊತೆ ನಾನೇ ಅಂಗಡಿಗೆ ಹೋಗಿದ್ದೆ. ಅವರು ಬೆರಳನ್ನು ಸೆರಗಿಗೆ ಒರೆಸಿಕೊಂಡು ಯಂತ್ರದ ಮೇಲೆ ಇಟ್ಟರು, ತೆಗೆದರು, ಕೊಬ್ಬರಿ ಎಣ್ಣೆ ಸವರಿ ಮತ್ತೆ ಇಟ್ಟರು. ಹತ್ತೂ ಬೆರಳು ಇಟ್ಟಾದರೂ ಯಂತ್ರ ಒಪ್ಪಲಿಲ್ಲ. "ಕಲ್ಲ ಒಡದ ಒಡದ ಗೆರಿ ಅಳಿಸಿ ಹೋಗ್ಯಾವ್ರೀ ಅಕ್ಕಾರ" ಎಂದು ಅವರು ಅಂಗೈ ತೋರಿಸಿದರು. ದುಡಿದು ಸವೆದ ಕೈಯೇ ಅನ್ನಕ್ಕೆ ಅಡ್ಡ ಬಂದದ್ದನ್ನು ಕಂಡು ನನಗೆ ಸಹಿಸಲಾಗಲಿಲ್ಲ.

ತಪ್ಪಿದ ಪಡಿತರವನ್ನು ಕೇಳಿ ಕೊಡಿಸುವ ಕೆಲಸಕ್ಕೆ ನಾವು ಒಂದು ಗುಂಪು ಮಾಡಿದೆವು. ಅದರಲ್ಲಿ ಹೆಚ್ಚಿನವರು ಸ್ವತಃ ಪಡಿತರ ತಪ್ಪಿದವರು. ಹತ್ತಿರದ ತಾಂಡಾದ ಇಬ್ಬರು ಹೆಣ್ಣುಮಕ್ಕಳು ನಮ್ಮ ಸಭೆಗೆ ಸೇರಿದವರೇ ಅಲ್ಲ. ಬಾಯಿಮಾತಿನಲ್ಲಿ ಏನನ್ನೂ ಕೇಳಬಾರದು, ಪ್ರತಿಯೊಂದನ್ನೂ ಬರೆದು ಕೊಡಬೇಕು, ಎರಡನೆಯ ಪ್ರತಿಯ ಮೇಲೆ ತಾರೀಖು ಹಾಕಿಸಿ ಶಿಕ್ಕಾ ಹೊಡೆಸಿಕೊಂಡೇ ಮೆಟ್ಟಿಲಿಳಿಯಬೇಕು ಎಂಬುದು ನಮ್ಮ ನಿಯಮ. ಕೆಳಗಿನ ಕಚೇರಿಯಲ್ಲಿ ಕೆಲಸವಾಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿಯೂ ಆಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಬರೆಯಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಮನೆಯಲ್ಲಿ ಹದಿನೆಂಟು ತುಂಬಿದ ಹಿರಿಯ ಹೆಣ್ಣುಮಗಳೇ ಪಡಿತರ ಚೀಟಿಯ ಯಜಮಾನಿ ಎಂಬುದೂ ಅದರಲ್ಲಿಯೇ ಇದೆ. ಇದನ್ನು ಓದಿ ಹೇಳಿದ ದಿನ ಹೆಂಗಸರು ಮತ್ತೆ ಮತ್ತೆ ಓದಿಸಿಕೊಂಡರು. ಅಜ್ಜಿಯ ಪಡಿತರ ಮೊಬೈಲಿಗೆ ಬರುವ ಒಟಿಪಿಯಿಂದ ಸರಿಹೋಯಿತು. ಎಲ್ಲ ಅರ್ಜಿಗಳಿಗೂ ಅಂಥ ಉತ್ತರ ಬರಲಿಲ್ಲ. ಕೆಲವಕ್ಕಾಗಿ ಇನ್ನೂ ಅಲೆಯುತ್ತಿದ್ದೇವೆ.

ಅರ್ಜಿಯ ಮೇಲೆ ಸಭೆಯ ಹೆಸರನ್ನು ನಾವು ಹಾಕುವುದಿಲ್ಲ. ಕಾಳು ಅಳೆದು ಕೊಡುವಾಗ ಪ್ರಾರ್ಥನೆಗೆ ಬನ್ನಿರೆಂದು ಕರೆಯುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಸುವಾರ್ತೆಯನ್ನು ಮರೆತಿರೇನು ಎಂದು ನಮ್ಮವರೇ ಕೆಲವರು ಕೇಳಿದ್ದುಂಟು. ಮತ್ತಾಯನ 25ನೆಯ ಅಧ್ಯಾಯದಲ್ಲಿ ಹಸಿದವನಿಗೆ ಊಟ ಕೊಟ್ಟವರಿಗೆ ತಾವು ಊಟ ಕೊಟ್ಟದ್ದು ಕರ್ತನಿಗೆ ಎಂಬುದು ಗೊತ್ತೇ ಇರಲಿಲ್ಲ, ಹಸಿದವನ ಮತ ಯಾವುದೆಂದು ಅಲ್ಲಿ ಯಾರೂ ಕೇಳಿದ್ದಿಲ್ಲ ಎಂದು ನಾನು ಅವರಿಗೆ ಹೇಳುತ್ತೇನೆ. ಹಸಿದವನ ಮುಂದೆ ಅನ್ನವಿಟ್ಟು ಅದಕ್ಕೆ ಶರತ್ತು ಹಾಕುವುದು ನನ್ನ ದೃಷ್ಟಿಯಲ್ಲಿ ಕ್ರಿಸ್ತನಿಗೆ ಮಾಡುವ ಅವಮಾನ.

ಇದೆಲ್ಲಕ್ಕಿಂತ ಕಠಿಣವಾದದ್ದು ಕೂಲಿಯ ಮಾತು. ಅಧಿಕಾರಿಯ ಎದುರು ನ್ಯಾಯ ಕೇಳುವುದಕ್ಕಿಂತ, ಒಂದೇ ಬೆಂಚಿನಲ್ಲಿ ಕೂತು ಹಾಡುವವರ ನಡುವೆ ಕೇಳಲು ಹೆಚ್ಚು ಧೈರ್ಯ ಬೇಕು. ಕೂಲಿಯವನ ಕೂಲಿ ಮರುದಿನದ ಮುಂಜಾವಿನವರೆಗೆ ನಿನ್ನ ಬಳಿ ಇರಬಾರದೆಂದು ಯಾಜಕಕಾಂಡ ಹೇಳುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಾಕೋಬನು ತನ್ನ ಪತ್ರದ 5ನೆಯ ಅಧ್ಯಾಯದಲ್ಲಿ ಬರೆಯುತ್ತಾನೆ. ಹೊಲ, ಮಗ್ಗ ಇದ್ದವರ ಮನೆಗಳಿಗೆ ಸಭಾಪಾಲಕರ ಜೊತೆ ಹೋಗಿ, ವಾರದ ಕೂಲಿಯನ್ನು ಸಂತೆಯ ಹಿಂದಿನ ದಿನವೇ ಚುಕ್ತಾ ಮಾಡಿರೆಂದು ಕೇಳಿಕೊಂಡೆವು. ಕೆಲವರು ಆ ವಾರದಿಂದಲೇ ಹಾಗೆ ಮಾಡಿದರು. ಒಂದೆರಡು ಮನೆಯವರು ನಮ್ಮೊಡನೆ ಮಾತು ಬಿಟ್ಟಿದ್ದಾರೆ. ಅವರ ಮನೆಗಳಿಗೆ ಹೋಗುವುದನ್ನು ನಾವು ಬಿಟ್ಟಿಲ್ಲ.

ಈಗ ದಸರೆ ಮುಗಿದು ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುವ ಮುನ್ನ, ಗೋವಾ, ಮಂಗಳೂರಿನ ಕಡೆ ದುಡಿಯಲು ಹೋಗುವವರು ಗಂಟು ಕಟ್ಟುವ ಮುನ್ನ, ಗುಂಪಿನವರು ಅವರ ಮನೆಯಂಗಳದಲ್ಲಿ ಕೂತು ಪ್ರತಿಯೊಂದು ಚೀಟಿಯನ್ನೂ ಪರೀಕ್ಷಿಸುತ್ತಾರೆ. ದೇಶದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ತಮ್ಮ ಧಾನ್ಯ ಪಡೆಯಬಹುದೆಂಬುದು ಅವರಲ್ಲಿ ಹಲವರಿಗೆ ಗೊತ್ತಿರುವುದಿಲ್ಲ. ಊರಿನಲ್ಲಿ ಉಳಿಯುವ ಮುದುಕರು ಅದೇ ಚೀಟಿಯಲ್ಲಿದ್ದರೆ ಅವರ ಪಾಲು ಇಲ್ಲಿಯೇ ಸಿಗುವಂತೆ ನೋಡಿಕೊಳ್ಳಬೇಕು. ಜೊತೆಗೆ ಹೋಗುವ ಮಕ್ಕಳ ಶಾಲೆ, ಮಧ್ಯಾಹ್ನದ ಊಟ ಎರಡೂ ಕಬ್ಬಿನ ಗದ್ದೆಯಲ್ಲಿ ತಪ್ಪಿಹೋಗುತ್ತವೆ. ಈ ವರ್ಷ ಅವರಲ್ಲಿ ಕೆಲವರನ್ನಾದರೂ ಅಜ್ಜ, ಅಜ್ಜಿಯರ ಹತ್ತಿರ ಉಳಿಸಿಕೊಂಡು, ಸಂಜೆಯ ರೊಟ್ಟಿಯನ್ನು ಸುಗ್ಗಿಹಬ್ಬದ ಜೋಳದಿಂದ ನಡೆಸಲಾದೀತೇ ಎಂದು ಸ್ತ್ರೀ ಸಮಾಜದವರು ಲೆಕ್ಕ ಹಾಕುತ್ತಿದ್ದಾರೆ.