ಅಗಸ್ತ್ಯನನ್ನು ನೋಡಲು ದ್ವೀಪಕ್ಕೆ ಹೋಗಬೇಕಿಲ್ಲ, ಕಾಫಿ ಕಣ ಸಾಕು

ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಕಡಲಲ್ಲಿ ಸಾರ್ಕ್ ಅಂತ ಒಂದು ಪುಟ್ಟ ದ್ವೀಪ ಇದೆ. ಅಲ್ಲಿ ಕಾರಿಲ್ಲ, ಬೀದಿ ದೀಪವೂ ಇಲ್ಲ. ಓಡಾಡಲು ಸೈಕಲ್ಲು, ಕುದುರೆ ಗಾಡಿ, ಟ್ರ್ಯಾಕ್ಟರ್ ಅಷ್ಟೇ. 2011ರಲ್ಲಿ ಅದಕ್ಕೆ ಪ್ರಪಂಚದ ಮೊದಲ ‘ಡಾರ್ಕ್ ಸ್ಕೈ’ ದ್ವೀಪ ಅನ್ನುವ ಮನ್ನಣೆ ಸಿಕ್ಕಿತು. ನಕ್ಷತ್ರ ನೋಡಲೆಂದೇ ಜನ ದೋಣಿ ಹತ್ತಿ ಅಲ್ಲಿಗೆ ಹೋಗುತ್ತಾರೆ. ಆದರೆ ಎಷ್ಟೇ ಕತ್ತಲಿದ್ದರೂ ಅಲ್ಲಿ ಅಗಸ್ತ್ಯ ನಕ್ಷತ್ರ ಹುಟ್ಟುವುದೇ ಇಲ್ಲ, ತ್ರಿಶಂಕು ಅನ್ನುವ ನಕ್ಷತ್ರಪುಂಜವೂ ಇಲ್ಲ. ಆ ದ್ವೀಪ ಇರುವುದು 49 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಿಕ್ಕಮಗಳೂರು, ಹಾಸನ ಇರುವುದು 13ರ ಆಸುಪಾಸಿನಲ್ಲಿ. ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ದಕ್ಷಿಣದ ಆಕಾಶ ನಮಗೇ ಜಾಸ್ತಿ ಕಾಣುತ್ತದೆ.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಆ್ಯಪ್ ಬೇಡ, ಗೋಡೆ ಮೇಲಿನ ಪಂಚಾಂಗದ ಕ್ಯಾಲೆಂಡರ್ ಸಾಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅಮಾವಾಸ್ಯೆಗಳು ಒಳ್ಳೆಯವು. ನನ್ನ ಕೇಳಿದರೆ ಶಿವರಾತ್ರಿಯೇ ಬೆಸ್ಟು: ಹೇಗೂ ಜಾಗರಣೆ, ಮಳೆಗಾಲದ ಮೋಡ ಇಲ್ಲ, ಅಮಾವಾಸ್ಯೆಯ ಹಿಂದಿನ ಚತುರ್ದಶಿ ಆದ್ದರಿಂದ ಚಂದ್ರ ಬೆಳಗಿನ ಜಾವದವರೆಗೂ ತಲೆ ಹಾಕುವುದಿಲ್ಲ.

ಆಮೇಲೆ ಜಾಗ. ಇಲ್ಲೇ ಹೆಚ್ಚಿನವರು ಮುಗ್ಗರಿಸುವುದು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ನೆತ್ತಿಯೇ ಆಗಬೇಕು ಅಂತ ಹಟ ಹಿಡಿಯಬೇಡಿ. ರಾತ್ರಿ ಬೆಟ್ಟದ ದಾರಿ ಯಾಕೆ? ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಾದರೆ ಆನೆ ಭಯ ಬೇರೆ. ಪರಿಚಯದವರ ತೋಟದಲ್ಲಿ ಕಾಫಿ ಒಣಗಿಸುವ ಕಣ, ಹೋಮ್‌ಸ್ಟೇ ತಾರಸಿ, ಇಷ್ಟು ಸಾಕು. ದಕ್ಷಿಣ ದಿಕ್ಕು ಮಾತ್ರ ತೆರೆದಿರಬೇಕು. ಹಗಲಲ್ಲೇ ಹೋಗಿ ದಕ್ಷಿಣಕ್ಕೆ ಮುಖ ಮಾಡಿ, ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ಎದುರಿನ ಗುಡ್ಡ, ಸಿಲ್ವರ್ ಓಕ್ ಸಾಲು ಒಂದು ಮುಷ್ಟಿಗಿಂತ ಎತ್ತರ ಇದ್ದರೆ ಬೇರೆ ಜಾಗ ಹುಡುಕಿ, ಯಾಕೆಂದರೆ ತ್ರಿಶಂಕು ನಮ್ಮಲ್ಲಿ ಏರುವುದೇ ಒಂದೂವರೆ ಮುಷ್ಟಿಯಷ್ಟು. ಈ ಲೆಕ್ಕದಲ್ಲಿ ಮಲೆನಾಡಿಗಿಂತ ಕಡೂರು, ಅರಸೀಕೆರೆಯ ಬಯಲೇ ಎಷ್ಟೋ ವಾಸಿ. ಊರಿನ ದೀಪದ ಬೆಳಕು ನಿಮ್ಮ ಬೆನ್ನಿಗಿರಲಿ.

ಕಣದ ಕಾವಲು ದೀಪ ಆರಿಸಲು ಮನೆಯವರನ್ನು ಕೇಳಿಕೊಳ್ಳಿ. ಮೊಬೈಲ್ ಜೇಬಲ್ಲಿರಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಒಂದೇ ಒಂದು ವಾಟ್ಸಾಪ್ ಮೆಸೇಜ್ ನೋಡಿದರೂ ಮತ್ತೆ ಮೊದಲಿಂದ! ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ. ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿಬಿಡಿ, ನಿಂತು ನೋಡಿದರೆ ಕತ್ತು ನೋವು ಗ್ಯಾರಂಟಿ.

ಶಿವರಾತ್ರಿಯ ಹೊತ್ತಿಗೆ ರಾತ್ರಿ ಎಂಟರ ಸುಮಾರಿಗೆ ನೆತ್ತಿಯ ಹತ್ತಿರ ಸಾಲಾಗಿ ಮೂರು ಚುಕ್ಕಿ ಕಾಣುತ್ತವೆ. ಅದು ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿ. ಅದರ ಒಂದು ಬದಿಯಲ್ಲಿ ಕೆಂಪಗಿನ ಆರ್ದ್ರಾ, ಇನ್ನೊಂದು ಬದಿಯಲ್ಲಿ ನೀಲಿ ಬಿಳುಪಿನ ರೈಜೆಲ್. ಎರಡನ್ನೂ ಒಂದಾದ ಮೇಲೊಂದು ದಿಟ್ಟಿಸಿ, ಬಣ್ಣದ ವ್ಯತ್ಯಾಸ ಬರಿಗಣ್ಣಿಗೇ ಗೊತ್ತಾಗುತ್ತದೆ. ಪಟ್ಟಿಯ ಗೆರೆಯನ್ನು ಆಗ್ನೇಯಕ್ಕೆ ಎಳೆದರೆ ಲುಬ್ಧಕ ಸಿಗುತ್ತದೆ, ರಾತ್ರಿಯ ನಕ್ಷತ್ರಗಳಲ್ಲೆಲ್ಲ ಅತಿ ಪ್ರಕಾಶದ್ದು. ಅಲ್ಲಿಂದ ದಕ್ಷಿಣ ದಿಗಂತದ ಕಡೆ ಇಳಿಯಿರಿ. ನೆಲದಿಂದ ಎರಡೂವರೆ ಮುಷ್ಟಿ ಎತ್ತರದಲ್ಲಿ ಒಂಟಿಯಾಗಿ ಹೊಳೆಯುವುದೇ ಅಗಸ್ತ್ಯ. ಪ್ರಕಾಶದಲ್ಲಿ ಎರಡನೇ ಸ್ಥಾನ. ಈಗ ಕಾಣುವ ಅದರ ಬೆಳಕು ಹೊರಟು ಸುಮಾರು 300 ವರ್ಷ ಆಗಿದೆ.

ನಡುವೆ ಚುಕ್ಕಿಯೊಂದು ಸರಸರ ಸರಿದರೆ ಅದು ಉಪಗ್ರಹ. ಹಾಸನದ ಇಸ್ರೋ ಕೇಂದ್ರ ನೋಡಿಕೊಳ್ಳುವ ಉಪಗ್ರಹವೇ ಅಂತ ಹೆಮ್ಮೆ ಪಡಬೇಡಿ! ಅವು ಹೆಚ್ಚಾಗಿ 36,000 ಕಿಲೋಮೀಟರ್ ಮೇಲೆ ಇರುತ್ತವೆ, ಬರಿಗಣ್ಣಿಗೆ ಕಾಣುವುದಿಲ್ಲ.

ತ್ರಿಶಂಕು ಬೇಕಾದರೆ ಎರಡು, ಎರಡೂವರೆವರೆಗೆ ಎದ್ದಿರಬೇಕು. ಶಿಲುಬೆಯಂತೆ ನಾಲ್ಕು ಚುಕ್ಕಿ, ದಕ್ಷಿಣದಲ್ಲಿ ನೆಟ್ಟಗೆ ನಿಂತಿರುತ್ತವೆ. ಕಣಿವೆಯಲ್ಲಿದ್ದರೆ ಆ ಹೊತ್ತಿಗೆ ಮಂಜು ಕವಿದಿರಬಹುದು. ನಿದ್ದೆ ತಡೆಯದವರು ಮೇ ಮೊದಲ ಭಾಗದ ಅಮಾವಾಸ್ಯೆಯ ಆಸುಪಾಸು ರಾತ್ರಿ ಹತ್ತಕ್ಕೇ ನೋಡಬಹುದು. ಆಗ ಗುಡುಗು ಮಳೆಯ ಕಾಟ ಇರುತ್ತದೆ, ಮಳೆ ಬಂದು ಬಿಟ್ಟ ರಾತ್ರಿಯೇ ಆಕಾಶ ತೊಳೆದಿಟ್ಟ ಹಾಗಿರುತ್ತದೆ ಅನ್ನುವುದೂ ಅಷ್ಟೇ ನಿಜ.

ಟೆಲಿಸ್ಕೋಪಿಗೆ ಈಗಲೇ ದುಡ್ಡು ಸುರಿಯಬೇಡಿ. 10x50 (ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, 50 ಮಿಲಿಮೀಟರ್ ಗಾಜಿನ) ಬೈನಾಕ್ಯುಲರ್ ತಗೊಳ್ಳಿ, ಮೊಣಕೈ ನೆಲಕ್ಕೂರಿ ಹಿಡಿಯಿರಿ, ಮಹಾವ್ಯಾಧನ ಪಟ್ಟಿಯ ಕೆಳಗಿನ ಮಸುಕು ಚುಕ್ಕಿಯ ಕಡೆ ತಿರುಗಿಸಿ. ಅದು ನಕ್ಷತ್ರಗಳು ಹುಟ್ಟುತ್ತಿರುವ ನೀಹಾರಿಕೆ. ಗಾಜಿನ ಮೇಲೆ ಇಬ್ಬನಿ ಕೂತರೆ ಶಾಲಿನ ತುದಿಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಕಂಬಳಿಯೊಳಗೆ ಸ್ವಲ್ಪ ಹೊತ್ತು ಬೆಚ್ಚಗಿಡಿ, ತಾನಾಗೇ ಆರುತ್ತದೆ.